ಡಂಗುರಕ್ಕೊಂದು ಹೆಸರು

ಯಡ್ರಾಮಿಯ ಆಚೆ, ಬಸ್ಸು ಮನಸ್ಸಾದರೆ ಮಾತ್ರ ನಿಲ್ಲುವ ಊರೊಂದರಲ್ಲಿ ಪೀರಪ್ಪನೆಂಬ ಚಕ್ರವರ್ತಿಯಿದ್ದ. ಚಾವಡಿ ಕಟ್ಟೆ ಆತನ ಸಿಂಹಾಸನ, ಚರ್ಮದ ಹಲಗೆ ಆಯುಧ, ಸದ್ದಿಗೆ ಓಡಿಬರುವ ನಾಯಿಗಳು ಸೈನ್ಯ. ಸರ್ಕಾರದ ಕಣ್ಣಿಗೆ ಆತ ಬರೀ ವಾಲೀಕಾರ, ಡಂಗುರ ಸಾರುವವನು. ಆದರೆ ಹರಾಜಾಗಲಿ ಜಪ್ತಿಯಾಗಲಿ, ಪೀರಪ್ಪನ ಗಂಟಲಿಂದ ಹೊರಬೀಳದೆ ಆ ಊರಲ್ಲಿ ಯಾವ ಹುಕುಮೂ ಹುಕುಮಾಗುತ್ತಿರಲಿಲ್ಲ.

ಆ ಗಂಟಲಿಗೊಂದು ಹಟವಿತ್ತು. ಆ ಹಟ ಹುಟ್ಟಿದ್ದು ಎಪ್ಪತ್ತಾರರಲ್ಲಿ, ತುರ್ತು ಪರಿಸ್ಥಿತಿಯ ಕಾಲಕ್ಕೆ. ಜೀಪಿನಲ್ಲಿ ಬಂದವರು, "ಮ್ಯಾಲಿನ ಹುಕುಂ ಅದ, ಗಂಡಸರೆಲ್ಲಾ ಸಾಲಿ ಮುಂದ ಬರಬೇಕಂತ ಸಾರು" ಎಂದರು. ಸಾರಿದ. ಹೋದವರಲ್ಲಿ ಆತನ ಸೋದರಳಿಯ ಮಲ್ಕಪ್ಪನೂ ಇದ್ದ. ಮದುವೆಯ ಅರಿಶಿಣ ಇನ್ನೂ ಆರಿರಲಿಲ್ಲ. ಸಂಜೆಗೆ ಮರಳಿದಾಗ ಕೈಯಲ್ಲೊಂದು ಸರ್ಕಾರದ ತುಪ್ಪದ ಡಬ್ಬಿ, ನಡುವಿನ ಕೆಳಗೆ ಸಂತಾನಹರಣದ ಹೊಲಿಗೆ. ಆ ಮನೆಯಲ್ಲಿ ಮುಂದೆ ತೊಟ್ಟಿಲು ಕಟ್ಟಲಿಲ್ಲ.

ಮಾಡಿಸಿದವರು ಯಾರೆಂದು ಊರು ಹುಡುಕಿತು. ಡಾಕ್ಟರು ಸಾಹೇಬರತ್ತ, ಸಾಹೇಬರು ಮೇಲಿನವರತ್ತ, ಮೇಲಿನವರು ಆಕಾಶದತ್ತ ಬೆರಳು ತೋರಿದರು. ಹುಕುಮಿಗೆ ಹೆಸರೇ ಇರಲಿಲ್ಲ. ದನಿ ಮಾತ್ರ ಪೀರಪ್ಪನದು. ಹಾಗಾಗಿ ಕಲ್ಲುಗಳೂ ಪೀರಪ್ಪನ ಬಾಗಿಲಿಗೇ ಬಿದ್ದವು. ಅಂದಿನಿಂದ ಆತ ಒಂದು ಕಾಯ್ದೆ ಮಾಡಿಕೊಂಡ: ಮಾತು ಯಾರದು, ಅವರ ತಂದೆ ಯಾರು, ಊರು ಯಾವುದು, ಇಷ್ಟು ಹೇಳದೆ ಹಲಗೆ ಮುಟ್ಟುವುದಿಲ್ಲ. ಕಳೆದ ಎಮ್ಮೆಯ ಡಂಗುರಕ್ಕೂ ಅದೇ ಕಾಯ್ದೆ. ಎಮ್ಮೆಯ ತಂದೆಯ ಹೆಸರೊಂದನ್ನು ಮಾತ್ರ ಕೇಳುತ್ತಿರಲಿಲ್ಲ.

ತೊಂಬತ್ನಾಲ್ಕರಲ್ಲಿ ಕಲಬುರಗಿಯ ಯಾವುದೋ ಕಚೇರಿಗೆ ಕಂಪ್ಯೂಟರ್ ಬಂತು. ಅದು ತಣ್ಣನೆಯ ಕೋಣೆಯಲ್ಲಿ ಕೂರುತ್ತದಂತೆ, ಒಳಗೆ ಹೋಗುವಾಗ ಸಾಹೇಬರೂ ಚಪ್ಪಲಿ ಬಿಡುತ್ತಾರಂತೆ. ಅಷ್ಟು ಕೇಳಿದ್ದೇ ಊರಿನವರು ಮನಸ್ಸಿನಲ್ಲೇ ಕಾಯಿ ಒಡೆದರು. ಹಳ್ಳದ ದಂಡೆಯಲ್ಲಿ ಪಾಳುಬಿದ್ದ ಗುಡಿಸಲು ಯಾವುವು, ಕೆಡವಬೇಕಾದವು ಯಾವುವು ಎಂದು ಆ ದೇವರೇ ಆರಿಸಿಕೊಟ್ಟಿತು. ಕೂಲಿಗೆ ಹೋಗುವ ಬಾಳಮ್ಮನ ಗುಡಿಸಲೂ ಅದರಲ್ಲಿತ್ತು.

ಪಟ್ಟಿಗಾಗಿ ಸರ್ವೆಯವರು ಬಂದಾಗ ಬಾಳಮ್ಮ ಸೊಲ್ಲಾಪುರದ ಕಡೆ ಕಬ್ಬು ಕಡಿಯಲು ಹೋಗಿದ್ದಳು, ಬಾಗಿಲಿಗೆ ಜಾಲಿಮುಳ್ಳು ಒತ್ತಿ. ಆ ಸೀಮೆಯಲ್ಲಿ ಬಾಗಿಲಿಗೆ ಮುಳ್ಳೆಂದರೆ, ದುಡಿಯಲು ಹೋಗಿದ್ದೇವೆ, ಬರುತ್ತೇವೆ ಎಂದರ್ಥ. ಸರ್ವೆಯವರ ಕಣ್ಣಿಗದು ಪಾಳುಮನೆ. ಅವರು ಉಣಿಸಿದ್ದನ್ನೇ ಕಂಪ್ಯೂಟರ್ ನುಂಗಿ, ಅದನ್ನೇ ಉಗುಳಿತು.

ಬಾಳಮ್ಮ ಊರಿಗೆ ಮರಳಿ ಒಲೆ ಹಚ್ಚಿದ ವಾರಕ್ಕೆ, ಪೀರಪ್ಪನನ್ನು ಹತ್ತಿಸಿಕೊಂಡು ಜೀಪು ಹಳ್ಳದ ದಂಡೆಗೆ ಬಂತು. ಹಿಂದೆ ಗುದ್ದಲಿ, ಹಾರೆ ಹಿಡಿದ ಆಳುಗಳು. ಮುಂದೆ ಕಲ್ಯಾಣಪ್ಪನೆಂಬ ಹೊಸ ಸಾಹೇಬ.

"ಡಂಗುರ ಹಾಕು. ಇವತ್ತೇ ಕೆಡವ್ತೇವಿ."

"ಯಾರ ಮಾತಂತ ಸಾರ್ಲ್ರಿ?" ಪೀರಪ್ಪ ಕೇಳಿದ.

"ಕಂಪ್ಯೂಟರ್ ಹೇಳ್ಯದ."

"ಅವರ ತಂದೀ ಹೆಸರೇನ್ರಿ?"

ಆಳುಗಳು ನಕ್ಕರು. ಸಾಹೇಬ ನಗಲಿಲ್ಲ. "ಅದು ಮಿಷಿನ್ ಪಾ. ಅದಕ್ಕ ಅಪ್ಪ ಎಲ್ಲಿಂದ ಬರಬೇಕು? ಮಿಷಿನ್ ಸುಳ್ಳ ಹೇಳಂಗಿಲ್ಲ."

"ಹೇಳಂಗಿಲ್ಲ ಖರೆ ರೀ. ನಾಳಿ ತಪ್ಪಾದ್ರ ಮಂದಿ ಯಾರನ್ನ ಕೇಳಬೇಕು? ನನ್ನ ಬಾಗಿಲಾಗ ಕಲ್ಲ ಸಾಕಷ್ಟ ಅವ. ನಿಮ್ಮ ಹೆಸರು ಕೊಡ್ರಿ, ಈಗ ಹೊಡೀತೇನಿ."

"ನನ್ನ ಹೆಸರು ಯಾಕ? ನಾ ಬರೇ ಹೇಳಾಕ ಬಂದಾಂವ."

"ನಾನೂ ಬರೇ ಹೇಳಾಂವನ ರೀ. ಇಬ್ಬರೂ ಹೇಳವ್ರ ಆದ್ರ, ಮಾಡವ್ರು ಯಾರು?"

ಸಾಹೇಬ ಗದರಿದ, "ನೌಕರಿ ಕಳಕೋತಿ ನೋಡು."

ಪೀರಪ್ಪ ಹೆಗಲಿನಿಂದ ಹಲಗೆ ಇಳಿಸಿ, ಕೋಲುಗಳ ಸಮೇತ ಸಾಹೇಬನ ಕೈಗಿಟ್ಟ. ಗುಡಿಸಲ ಸುತ್ತ ಊರೆಲ್ಲ ನೆರೆದಿತ್ತು. ಆಳೊಬ್ಬ ಆಗಲೇ ಬಾಳಮ್ಮನ ಚಪ್ಪರಕ್ಕೆ ಹಾರೆ ಆನಿಸಿದ್ದ. ಬಾಳಮ್ಮ ಬಾಗಿಲಲ್ಲಿ ಕೂತಿದ್ದಳು, ಏಳಲಿಲ್ಲ.

ಸಾಹೇಬ ಹಲಗೆ ಬಡಿದ. ಕೆಟ್ಟದಾಗಿ ಬಡಿದ, ನಾಯಿಗಳೂ ಬರಲಿಲ್ಲ.

"ಕೇಳ್ರಿ. ಕಂಪ್ಯೂಟರ್ ಪ್ರಕಾರ..."

"ಯಾರ ಮಾತ್ರೀ?" ಗುಂಪಿನಿಂದ ಶರೀಫಾಬಿ ಕೇಳಿದಳು. ಹದಿನೆಂಟು ವರ್ಷದಿಂದ ಊರಿಗೆ ಅದೇ ರೂಢಿ.

ಸಾಹೇಬ ಹಿಂದೆ ಮುಂದೆ ನೋಡಿದ. ಹಿಂದೆ ಜೀಪಿದೆ, ಮುಂದೆ ಊರಿದೆ, ನಡುವೆ ಕಂಪ್ಯೂಟರ್ ಇಲ್ಲ. ಕೊನೆಗೆ ಬಾಯಿ ತೆರೆದ.

"ನಾನು... ನರೋಣಾದ ದೌಲತರಾಯನ ಮಗ ಕಲ್ಯಾಣಪ್ಪ. ಈ ಮನಿಯಾಗ ಯಾರೂ..."

ಅಲ್ಲಿಗೆ ನಿಂತ. ಇಷ್ಟು ಹೊತ್ತು ಜೀಪಿನಿಂದ ಗುಡಿಸಲನ್ನು ನೋಡಿದ್ದನೇ ಹೊರತು ಬಾಗಿಲಲ್ಲಿ ಕೂತವಳನ್ನು ನೋಡಿರಲಿಲ್ಲ. ಅಪ್ಪನ ಹೆಸರು ಹೇಳಿದ ಮೇಲೆ ಕಣ್ಣು ತಾನಾಗಿ ಅತ್ತ ಹೋಯಿತು.

"ಮುಂದ ಹೇಳ್ರಿ ಸಾಹೇಬ್ರ," ಎಂದಳು ಬಾಳಮ್ಮ. "ಇಲ್ದಾಕಿ ಕೇಳಾಕತ್ತೇನಿ."

ಯಾರೂ ನಗಲಿಲ್ಲ. ಸಾಹೇಬ ಹಾರೆ ಹಿಡಿದವನಿಗೆ ಕೈಸನ್ನೆ ಮಾಡಿದ, ಹಾರೆ ಕೆಳಗಿಳಿಯಿತು. ಹಲಗೆ ಪೀರಪ್ಪನ ಕೈಗೆ ಮರಳಿತು.

"ಈಗ ಏನಂತ ಸಾರ್ಲ್ರಿ?"

"ಮನಿಯಾಗ ಮಂದಿ ಅದಾರ ಅಂತ ಸಾರು."

"ಯಾರ ಮಾತಂತ?"

ಕಲ್ಯಾಣಪ್ಪ ಜೀಪು ಹತ್ತುತ್ತ ಗೊಣಗಿದ, "ಹೇಳೀನಲ್ಲಪಾ, ನಂದ."