ನೂರಾ ನಲವತ್ತಮೂರು ಮನೆಗಳ ಒಡತಿ

“ನಾನು ಹಾಕಿದ ದೀಪ ನೋಡಿ, ಅದು ಖಾಲಿ ಮನೆ ಅಂತ ಕಂಡುಹಿಡಿಯೋ ಕಣ್ಣು ಈ ಊರಲ್ಲಿ ಇನ್ನೂ ಹುಟ್ಟಿಲ್ಲ” ಎಂದು ಸ್ವಿಚ್ಚಮ್ಮ ಹೇಳುತ್ತಿದ್ದಳು. ಗುಟ್ಟಿನ ಕೆಲಸವಾದ್ದರಿಂದ ಈ ಮಾತನ್ನು ಅವಳು ಹೇಳಿದ್ದು ಇಬ್ಬರಿಗೆ ಮಾತ್ರ: ಒಬ್ಬ ಕಟ್ಟಡದ ಕಾವಲುಗಾರ, ಇನ್ನೊಬ್ಬ ಗಂಡ. ಆದರೆ ಆ ಇಬ್ಬರಿಗೂ ತಲಾ ಇನ್ನೂರು ಸಲ ಹೇಳಿದ್ದಳು.

ಊರಿನ ನಡುಮಧ್ಯದಲ್ಲಿ, ರೈಲ್ವೆ ಸ್ಟೇಷನ್ನಿನ ಹಿಂದೆ, ಮೊದಲು ಬರೀ ಹಳೇ ಗೋದಾಮುಗಳಿದ್ದವು. ಅವನ್ನೆಲ್ಲ ಕೆಡವಿ ಗೋಪುರಗಳನ್ನು ಎಬ್ಬಿಸತೊಡಗಿದಾಗ ಆದ ಅವಸರ ಅಷ್ಟಿಷ್ಟಲ್ಲ. ಒಬ್ಬ ಮೇಸ್ತ್ರಿ ಹದಿನೆಂಟನೇ ಮಹಡಿಯಲ್ಲಿ ಊಟಕ್ಕೆ ಕೂತವನು ಕೈ ತೊಳೆಯಲು ಎದ್ದಾಗ ಇಪ್ಪತ್ತನೆಯದರಲ್ಲಿದ್ದನಂತೆ. ಕಟ್ಟಿದ್ದಾಯಿತು, ಆಮೇಲೆ ದೀಪದ ಪೈಪೋಟಿ. ಬ್ಯಾಂಕಿನವರು ತಮ್ಮ ಗೋಪುರಕ್ಕೆ ಬುಡದಿಂದ ತುದಿಯವರೆಗೆ ನೀಲಿ ಬೆಳಕು ಬಳಿದರು. ವಿಮಾ ಕಂಪನಿಯದು ಎರಡು ನಿಮಿಷಕ್ಕೊಂದು ಬಣ್ಣ. ಗೋಸುಂಬೆ ನೋಡಿದರೆ ರಾಜೀನಾಮೆ ಕೊಡಬೇಕು. ಹೋಟೆಲಿನವರು ನೆತ್ತಿಯ ಮೇಲಿಂದ ಆಕಾಶಕ್ಕೆ ಎಂಥ ಬೆಳಕು ಬಿಟ್ಟರೆಂದರೆ ಮೋಡಗಳು ಕಣ್ಣುಜ್ಜಿಕೊಳ್ಳುತ್ತಾ ಪಕ್ಕದ ಊರಿಗೆ ಮಲಗಲು ಹೋಗುತ್ತಿದ್ದವು. ಹುಣ್ಣಿಮೆ ಬಂದುಹೋದದ್ದು ಜನರಿಗೆ ಕ್ಯಾಲೆಂಡರ್ ನೋಡಿಯೇ ತಿಳಿಯಬೇಕಿತ್ತು.

ಈ ಜಗಮಗದ ಮಧ್ಯೆ ಒಂದು ಗೋಪುರ ಮಾತ್ರ ಕತ್ತಲು. ಮೂವತ್ತೆಂಟು ಮಹಡಿ, ಮಹಡಿಗೆ ನಾಲ್ಕರಂತೆ ನೂರಾ ಐವತ್ತೆರಡು ಮನೆ, ಅದರಲ್ಲಿ ಜನ ಇದ್ದದ್ದು ಒಂಬತ್ತರಲ್ಲಿ. ರಾತ್ರಿ ದೂರದಿಂದ ನೋಡಿದರೆ ಹಲ್ಲುಬಿಟ್ಟು ನಗುವ ಬಾಯಲ್ಲಿ ಒಂದು ಹಲ್ಲು ಬಿದ್ದುಹೋದಂತೆ ಕಾಣುತ್ತಿತ್ತು.

ಮಾರಾಟದ ಮ್ಯಾನೇಜರಿಗೆ ಇದೇ ಚಿಂತೆ. ಅವನು ಇಸ್ತ್ರಿ ಮಾಡಿದ ಅಂಗಿಯೊಳಗೆ ಇಸ್ತ್ರಿ ಮಾಡಿದ ಮನುಷ್ಯ. ಒಂದು ದಿನ, ಮೆಟ್ಟಿಲು ಗುಡಿಸುತ್ತಿದ್ದ ಹೆಂಗಸನ್ನು ಕರೆದು, ಎಲ್ಲ ಬಾಗಿಲಿಗೂ ಆಗುವ ಒಂದೇ ಬೀಗದ ಕೈ ಕೊಟ್ಟು, “ನೋಡಮ್ಮಾ, ನಾಳೆಯಿಂದ ಸಂಜೆ ಐದೂವರೆಗೆ ಬಾ. ಖಾಲಿ ಮನೆಗಳಲ್ಲಿ ಅಲ್ಲಲ್ಲಿ ದೀಪ ಹಾಕು. ಹತ್ತೂವರೆಗೆ ಎಲ್ಲಾ ಆರಿಸಿ ಮನೆಗೆ ಹೋಗು. ಬಾಯಿ ಮಾತ್ರ ಬಿಡಬೇಡ” ಎಂದ. ಕಾವಲುಗಾರ ಅವತ್ತೇ ಅವಳಿಗೆ ಸ್ವಿಚ್ಚಮ್ಮ ಎಂದು ಹೆಸರಿಟ್ಟ. ಹೆತ್ತವರು ಇಟ್ಟ ಹೆಸರು ಅವಳ ಪಗಾರದ ಚೀಟಿಯಲ್ಲಿ ಮಾತ್ರ ಉಳಿಯಿತು.

ಮೊದಲ ವಾರ ಅವಳು ಹೇಳಿದ್ದಷ್ಟನ್ನೇ ಮಾಡಿದಳು. ಒಂದು ಮನೆ ಬಿಟ್ಟು ಒಂದು ಮನೆ, ಟಕ್ ಟಕ್ ಎಂದು ದೀಪ ಹಾಕಿದಳು. ಶನಿವಾರ ದೀಪ ಹಾಕಿಯಾದ ಮೇಲೆ ಕೆಳಗಿಳಿದು, ಬಸ್‌ಸ್ಟಾಪಿನಲ್ಲಿ ನಿಂತು ಕತ್ತೆತ್ತಿ ನೋಡಿದರೆ ಗೋಪುರ ಚದುರಂಗದ ಹಲಗೆಯಂತೆ ಕಂಡಿತು. ಅವಳಿಗೆ ನಾಚಿಕೆಯಾಯಿತು.

“ಸಂಸಾರ ಮಾಡೋರ ಮನೆ ಹಿಂಗಿರುತ್ತಾ?” ಎಂದು ಮನೆಗೆ ಬಂದು ಗಂಡನನ್ನು ಕೇಳಿದಳು.

ಗಂಡ ದರ್ಜಿ. ಅಂಗಡಿಯ ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು. ಇಷ್ಟೇ ಅವರ ಅರಮನೆ. ಅವನು ಬಾಯಲ್ಲಿ ಕಚ್ಚಿದ್ದ ಸೂಜಿ ತೆಗೆದು, “ಸಂಸಾರ ಮಾಡೋರ ಮನೇಲಿ ಬಚ್ಚಲು ದೀಪ ಇಪ್ಪತ್ತನಾಲ್ಕು ಗಂಟೆ ಉರೀತಿರುತ್ತೆ. ಯಾಕಂದ್ರೆ ಹೆಂಡ್ತಿ ಊರ ದೀಪ ಆರಿಸೋಕೆ ಹೋಗಿರ್ತಾಳೆ” ಎಂದ.

ಅವನು ಕುಟುಕಿದ್ದು ಅವಳಿಗೆ ಪಾಠವಾಯಿತು. ಸೋಮವಾರ ಹದಿನೇಳನೇ ಮಹಡಿಯ ಒಂದು ಮನೆಯಲ್ಲಿ ಬಚ್ಚಲಿನ ದೀಪ ಹಾಕಿ ಹಾಗೇ ಬಿಟ್ಟಳು. ಮರೆಗುಳಿಯ ಸಂಸಾರ ಅದು ಎಂದುಕೊಂಡಳು. ಆ ಒಂದು ಮನೆಗೆ ಜನ ಬಂದ ಮೇಲೆ ಉಳಿದವು ಸುಮ್ಮನಿರುತ್ತವೆಯೇ? ಹದಿನಾಲ್ಕರಲ್ಲಿ ಬಾಣಂತಿ ಬಂದಳು. ಮಂದ ದೀಪ ಹೊತ್ತಲ್ಲದ ಹೊತ್ತಿನಲ್ಲಿ ಹತ್ತುವುದು, ಆರುವುದು. ಇಪ್ಪತ್ತೊಂದರಲ್ಲಿ ಪರೀಕ್ಷೆಗೆ ಓದುವ ಹುಡುಗಿ; ಅವಳದು ಎಲ್ಲರಿಗಿಂತ ಕೊನೆಗೆ ಆರುವ ದೀಪ. ಇಪ್ಪತ್ತಾರರಲ್ಲಿ ಜುಗ್ಗ ಮುದುಕ. ಒಂದು ಕೋಣೆಯ ದೀಪ ಆರಿಸಿದ ಮೇಲೆಯೇ ಇನ್ನೊಂದರದು ಹಾಕುವವನು. ಮೂವತ್ತರಲ್ಲಿ ಅತ್ತೆ ಸೊಸೆ. ಅಡುಗೆಮನೆಯಲ್ಲಿ ಬೆಳಕಿದ್ದರೆ ಮುಂದಿನ ಕೋಣೆಯಲ್ಲಿ ಕತ್ತಲು, ಅಲ್ಲಿ ಬೆಳಕಾದರೆ ಇಲ್ಲಿ ಕತ್ತಲು. ಎರಡೂ ಒಟ್ಟಿಗೆ ಹತ್ತಿದ್ದು ವರ್ಷದಲ್ಲಿ ಒಂದೇ ಸಲ, ಅದೂ ಸ್ವಿಚ್ಚಮ್ಮನಿಗೆ ನೆಗಡಿಯಾಗಿ ತಲೆ ಓಡದಿದ್ದಾಗ.

ಹೀಗೆ ಒಬ್ಬಳೇ ಹೆಂಗಸು ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿ, ನೂರಾ ನಲವತ್ತಮೂರು ಮನೆಗಳ ಊಟ, ನಿದ್ದೆ, ಮುನಿಸು, ರಾಜಿ ಎಲ್ಲವನ್ನೂ ಸಂಭಾಳಿಸಿದಳು. ಇದಕ್ಕೆ ಹೋಲಿಸಿದರೆ ಊರಿನ ಆಡಳಿತ ನಡೆಸುವುದು ಹೂವು ಕಟ್ಟಿದಷ್ಟು ಸುಲಭ.

ತೊಂದರೆ ಶುರುವಾದದ್ದು ಒಂಬತ್ತನೇ ಮಹಡಿಯಿಂದ. ಅಲ್ಲಿ ಹೊಸದಾಗಿ ಮದುವೆಯಾದ ಜೋಡಿಯಿತ್ತು. ಅಂದರೆ ಇರಲಿಲ್ಲ, ಆದರೂ ಇತ್ತು. ಒಂದು ಸಂಜೆ ಸ್ವಿಚ್ಚಮ್ಮ ಆ ಮನೆಯಲ್ಲಿ ಎರಡು ಕೋಣೆಗೂ ಬೇರೆ ಬೇರೆ ದೀಪ ಹಾಕಿದಳು: ಜಗಳ. ನಾಲ್ಕನೇ ದಿನ ಒಂದು ಕೋಣೆ ಕತ್ತಲಾಯಿತು. ಐದನೇ ದಿನ ಇಡೀ ಮನೆ ಕತ್ತಲಾಯಿತು, ಮೂರು ವಾರ ಹಾಗೇ ಇತ್ತು.

ಮ್ಯಾನೇಜರ್ ಕರೆಸಿದ. “ಏನಮ್ಮಾ, ಒಂಬತ್ತನೇ ಮಹಡಿಯ ಮೂಲೆ ಮನೇಲಿ ಬಲ್ಬ್ ಹೋಗಿದ್ಯಾ?”

“ಇಲ್ಲ ಸಾರ್. ಹೆಂಡ್ತಿ ತವರಿಗೆ ಹೋಗಿದಾಳೆ.”

“ಯಾರ ಹೆಂಡ್ತಿ?”

“ಆ ಮನೆಯೋನ ಹೆಂಡ್ತಿ.”

“ಆ ಮನೇಲಿ ಯಾರೂ ಇಲ್ಲವಲ್ಲಮ್ಮಾ!”

“ಅದೇ ಸಾರ್ ನಾನೂ ಹೇಳ್ತಿರೋದು. ಅವಳು ತವರಿಗೆ ಹೋದ್ಲು, ಅವನು ಬೇಜಾರಾಗಿ ಸ್ನೇಹಿತನ ಮನೇಲಿದಾನೆ.”

ಮ್ಯಾನೇಜರ್ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ. “ಈಗಲೇ ಹೋಗಿ ಆ ದೀಪ ಹಾಕು.”

“ಆಗಲ್ಲ ಸಾರ್. ಅವಳಿಗೂ ಒಂದು ಮಾನ ಇದೆಯಲ್ಲ. ಶುಕ್ರವಾರ ವಾಪಸ್ ಬರ್ತಾಳೆ. ಅಲ್ಲೀವರೆಗೆ ಗಂಡ ಹೆಂಡಿರ ಮಧ್ಯೆ ನಾವು ಬಾಯಿ ಹಾಕಬಾರದು.”

ಅದು ಮಂಗಳವಾರದ ಮಾತು. ಬುಧವಾರ ಇಬ್ಬರು ಎಲೆಕ್ಟ್ರಿಷಿಯನ್ನರು ಪೆಟ್ಟಿಗೆ ಹಿಡಿದು ಬಂದರು. ಗುರುವಾರದ ಹೊತ್ತಿಗೆ ಎಲ್ಲ ಮನೆಗೂ ಟೈಮರ್ ಕೂತಿತು. ದೀಪ ತಾನೇ ಹತ್ತಿ ತಾನೇ ಆರುವ ಏರ್ಪಾಡು. ಮ್ಯಾನೇಜರ್ ಅವಳಿಂದ ಬೀಗದ ಕೈ ಈಸಿಕೊಂಡು, “ನೀನಿನ್ನು ನೆಲಮಾಳಿಗೇಲಿ ಇರು. ಬಂದ ಕಾರಿಗೆ ಚೀಟಿ ಕೊಡು, ಹೋಗೋವಾಗ ಈಸಿಕೋ. ತಿಂಗಳ ಕೊನೇವರೆಗೆ ನೋಡ್ತೀನಿ, ಆಮೇಲೆ ಅದಕ್ಕೂ ಯಂತ್ರ ಬರುತ್ತೆ” ಎಂದ.

ನೆಲಮಾಳಿಗೆಯಲ್ಲಿ ಕಿಟಕಿಯೇ ಇಲ್ಲ. ಒಂದು ಸ್ಟೂಲು, ಒಂದು ಟ್ಯೂಬ್‌ಲೈಟು, ಅದಕ್ಕೆ ಸ್ವಿಚ್ಚು ಕೂಡ ಇಲ್ಲ. ಹಗಲೂ ರಾತ್ರಿ ಗುಂಯ್ ಎನ್ನುತ್ತಿರುತ್ತದೆ. ಒಂಬತ್ತು ಸಂಸಾರದ ಹನ್ನೊಂದು ಕಾರು ಬೆಳಗ್ಗೆ ಹೋಗಿ ಸಂಜೆ ಬರುತ್ತಿದ್ದವು. ಸ್ವಿಚ್ಚಮ್ಮನ ಕೈಬೆರಳುಗಳು ಐದೂವರೆಯಾದ ಕೂಡಲೇ ತಮ್ಮಷ್ಟಕ್ಕೆ ತಾವೇ ಅಲುಗಾಡತೊಡಗುತ್ತಿದ್ದವು.

ಬೀಗದ ಕೈ ಹೋದ ದಿನ ಅವಳು ಮನೆಗೆ ಹೋಗಿ ಅನ್ನ ಮುಟ್ಟಲಿಲ್ಲ. “ಕೆಲಸ ಹೋಗಿಲ್ಲವಲ್ಲೇ, ಜಾಗ ತಾನೇ ಬದಲಾದದ್ದು” ಎಂದು ಗಂಡ ಸಮಾಧಾನ ಮಾಡಿದ.

“ಜಾಗ ಅಲ್ಲ ರೀ. ಆ ಹುಡುಗಿ ತವರಲ್ಲೇ ಉಳಿದುಹೋದ್ಲಲ್ಲ.”

“ಯಾವ ಹುಡುಗಿ?”

“ಒಂಬತ್ತನೇ ಮಹಡಿಯೋಳು. ನನ್ನ ಕೈಗೆ ಆ ದೀಪ ವಾಪಸ್ ಬರದೇ ಹೋದ್ರೆ ಅವಳ ಸಂಸಾರ ಸರಿಮಾಡೋರು ಯಾರು?”

ದರ್ಜಿ ಹೆಂಡತಿಯ ಹಣೆ ಮುಟ್ಟಿ ನೋಡಿದ. ಜ್ವರವಿರಲಿಲ್ಲ. ಎದ್ದು ಹೋಗಿ ಬಚ್ಚಲಿನ ದೀಪ ತಾನೇ ಆರಿಸಿ ಬಂದ. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಅದಕ್ಕಿಂತ ದೊಡ್ಡ ಸಹಾನುಭೂತಿ ಅವನು ತೋರಿಸಿರಲಿಲ್ಲ.

ಟೈಮರ್ ತನ್ನ ಪಾಡಿಗೆ ತಾನು ದುಡಿಯಿತು. ಸಂಜೆ ಆರೂವರೆಗೆ ಸರಿಯಾಗಿ ನೂರಾ ನಲವತ್ತಮೂರು ಮನೆಯ ಎಲ್ಲ ಕೋಣೆಯ ಎಲ್ಲ ದೀಪಗಳೂ ಧಗ್ ಎಂದು ಹತ್ತುವುದು, ಹನ್ನೊಂದಕ್ಕೆ ಸರಿಯಾಗಿ ಎಲ್ಲವೂ ಆರುವುದು. ಬಾಣಂತಿ, ಮುದುಕ, ಓದುವ ಹುಡುಗಿ ಎಲ್ಲರೂ ಸೀಟಿ ಊದಿದ ಕೂಡಲೇ ಎದ್ದು ಮಲಗುವ ಸಿಪಾಯಿಗಳಾದರು. ಅತ್ತೆ ಸೊಸೆಯಂತೂ ಒಂದೇ ಸಮಯಕ್ಕೆ ಅಡುಗೆಮನೆಯಲ್ಲಿ! ಬಸ್‌ಸ್ಟಾಪಿನಿಂದ ನೋಡಿದ ಸ್ವಿಚ್ಚಮ್ಮನಿಗೆ ಮೈ ಉರಿದುಹೋಯಿತು.

ಹನ್ನೆರಡನೇ ದಿನ ಗಂಡ ಹೆಂಡತಿ ಇಬ್ಬರು ಮನೆ ಕೊಳ್ಳಲು ಬಂದರು. ಕಾರಿನ ಚೀಟಿ ಮರೆತು ಮೇಲೆ ಹೋಗಿದ್ದರು. ಅದನ್ನು ಕೊಡಲು ಸ್ವಿಚ್ಚಮ್ಮ ಮಾರಾಟದ ಕಚೇರಿಗೆ ಹೋದಾಗ ಮ್ಯಾನೇಜರ್ ರಾಗವಾಗಿ ಹೇಳುತ್ತಿದ್ದ: “ಮುಕ್ಕಾಲು ಪಾಲು ಮಾರಿಹೋಗಿದೆ ಸಾರ್. ನೀವೇ ನೋಡ್ತೀರಲ್ಲ, ಸಂಜೆಯಾದ್ರೆ ತುಂಬಿದ ಮನೆಗಳು.”

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಒಬ್ಬ ಮುದುಕಿ ಒಳಗೆ ಬಂದರು. ಹಿಂದೆ ಆರು ಜನ. ಬೀದಿಯ ಆಚೆ ಬದಿಯ ನಾಲ್ಕು ಮಹಡಿಯ ಹಳೇ ಕಟ್ಟಡದವರು. ಮುಂದಿದ್ದ ಮುದುಕಿ ನಿವೃತ್ತ ಗಣಿತದ ಟೀಚರ್. ಕಂಕುಳಲ್ಲಿ ಒಂದು ನೋಟ್‌ಬುಕ್ಕು.

“ನೋಡಪ್ಪಾ, ಒಂದೇ ಪ್ರಶ್ನೆ. ಒಂಬತ್ತನೇ ಮಹಡಿಯೋಳು ವಾಪಸ್ ಬಂದ್ಲಾ ಇಲ್ವಾ?” ಎಂದರು ಟೀಚರ್.

ಮ್ಯಾನೇಜರ್ ಕೊಳ್ಳಲು ಬಂದವರ ಕಡೆ ಒಮ್ಮೆ ಓರೆಗಣ್ಣಿನಲ್ಲಿ ನೋಡಿದ. “ಯಾ... ಯಾರು ಮೇಡಂ?”

“ಜಗಳ ಆಡ್ಕೊಂಡು ಹೋದೋಳು. ಎಲ್ಲಾ ದೀಪಾನೂ ಒಟ್ಟಿಗೆ ಹಾಕಿಬಿಟ್ರೆ ನಮಗೆ ಹೆಂಗಪ್ಪ ಗೊತ್ತಾಗಬೇಕು? ಒಂದು ತಿಂಗಳಿಂದ ನಮ್ಮ ಕಟ್ಟಡದಲ್ಲಿ ಎರಡು ಪಕ್ಷ ಆಗಿವೆ. ತಪ್ಪು ಗಂಡಂದು ಅಂತ ನಾವು, ಹೆಂಡ್ತೀದು ಅಂತ ಕೆಳಗಿನ ಮನೆಯೋರು.”

“ಅವಳದೇ ತಪ್ಪು” ಎಂದ ಹಿಂದಿದ್ದವರಲ್ಲಿ ಒಬ್ಬ.

“ನೀನು ಸುಮ್ನಿರೋ, ನಿನ್ನ ಹೆಂಡ್ತೀನ ಕೇಳಿದ್ರೆ ಗೊತ್ತಾಗುತ್ತೆ” ಎಂದು ಟೀಚರ್ ತಿರುಗದೆಯೇ ಗದರಿದರು. “ಇನ್ನೊಂದು ವಿಷಯ. ನಿಮ್ಮ ಬಚ್ಚಲು ದೀಪಗಳೂ ಸೇರಿ ಹನ್ನೊಂದು ಗಂಟೇವರೆಗೆ ನಮ್ಮ ಹಾಸಿಗೆ ಮೇಲೆ ಬೀಳ್ತಿವೆ. ಮೊದಲು ಆ ಹೆಂಗಸು ಹಾಕ್ತಿದ್ದಾಗ ಮನುಷ್ಯರ ಹಂಗೆ ಒಂದೊಂದಾಗಿ ಆರುತ್ತಿತ್ತು.”

ಸ್ವಿಚ್ಚಮ್ಮ ಚೀಟಿ ಹಿಡಿದುಕೊಂಡೇ ಒಂದು ಹೆಜ್ಜೆ ಮುಂದೆ ಬಂದಳು. “ಯಾವ ಹೆಂಗಸು ಅಮ್ಮಾ?”

ಟೀಚರ್ ಕನ್ನಡಕ ಸರಿಮಾಡಿಕೊಂಡು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಅಯ್ಯೋ, ನೀನೇ ಅಲ್ವೇನಮ್ಮಾ! ಅದೇ ತುರುಬು, ಅದೇ ಹೆಗಲ ಚೀಲ. ಮೂವತ್ತೆಂಟು ಮಹಡೀಲೂ ಒಬ್ಬಳೇ ಹೆಂಗಸು ಕಿಟಕಿ ದಾಟಿ ಹೋಗ್ತಿದ್ರೆ ಗೊತ್ತಾಗಲ್ವಾ? ಒಂದು ಮನೇಲಾದ್ರೂ ಒಂದು ಬಟ್ಟೆ ಒಣಗಲ್ಲ, ಒಂದು ಪರದೆ ಇಲ್ಲ. ಮೊದಲನೇ ವಾರಕ್ಕೇ ಗೊತ್ತಾಯ್ತು, ಜನ ಇರೋದು ಒಂಬತ್ತೇ ಮನೇಲಿ ಅಂತ.”

ಮೊದಲನೇ ವಾರಕ್ಕೇ! ಸ್ವಿಚ್ಚಮ್ಮನ ಮುಖ ಇಂಗು ತಿಂದ ಮಂಗನಂತಾಯಿತು. ಗಂಡನ ಮುಂದೆ, ಕಾವಲುಗಾರನ ಮುಂದೆ ಕೊಚ್ಚಿಕೊಂಡ ನಾನೂರು ಸಲವೂ ಒಟ್ಟಿಗೆ ನೆನಪಾದವು.

“ಗೊತ್ತಿದ್ರೆ ಮತ್ತೆ ಯಾಕೆ ನೋಡ್ತಿದ್ರಿ?” ಎಂದಳು ಸಣ್ಣ ದನಿಯಲ್ಲಿ.

“ನಮ್ಮನೆ ಟೀವಿ ಕೆಟ್ಟಿತ್ತು. ಆಮೇಲೆ ರಿಪೇರಿ ಮಾಡಿಸೋ ಅವಶ್ಯಕತೇನೇ ಬರಲಿಲ್ಲ.”

ಕೊಳ್ಳಲು ಬಂದ ಗಂಡಸು ಮ್ಯಾನೇಜರನ ಕಡೆ ತಿರುಗಿದ. “ಮುಕ್ಕಾಲು ಪಾಲು ಅಂದ್ರಲ್ರೀ?”

“ಸಾರ್, ಅದು... ಲೆಕ್ಕ ಹಾಕೋ ರೀತಿ ಬೇರೆ ಬೇರೆ...”

“ಲೆಕ್ಕ ಬೇಕಾದ್ರೆ ನನ್ನ ಹತ್ರ ಇದೆ” ಎಂದು ಟೀಚರ್ ನೋಟ್‌ಬುಕ್ಕು ಮೇಜಿನ ಮೇಲಿಟ್ಟರು. “ಹದಿನಾಲ್ಕು ತಿಂಗಳಿಂದ ಪ್ರತಿ ಸಂಜೆ ಬರೆದಿದೀನಿ. ಈಗ ಎರಡೇ ದಾರಿ. ಈ ಹೆಂಗಸಿಗೆ ದೀಪ ವಾಪಸ್ ಕೊಡ್ತೀಯೋ, ಇಲ್ಲ ನಾವು ಏಳು ಜನ ಸಹಿ ಹಾಕಿ ಇದನ್ನ ನಗರಸಭೆಗೆ ಕೊಡೋದೋ? ಕಣ್ಣಿಗೆ ಹೊಡೆಯೋ ಬೆಳಕಿನ ದೂರು ಬೇರೆ, ಖಾಲಿ ಮನೆಗಳ ಲೆಕ್ಕ ಬೇರೆ.”

ಮ್ಯಾನೇಜರ್ ಬೆವರಿದ ಬಗೆ ಹೇಳತೀರದು. ಇಸ್ತ್ರಿ ಮಾಡಿದ ಅಂಗಿ ಅಲ್ಲೇ ಒಗೆದು ಹಿಂಡಿ ಹಾಕಿದಂತಾಯಿತು. ಮೇಜಿನ ಪಕ್ಕದ ಎರಡು ಕುಂಡದ ಗಿಡಗಳಿಗೆ ಆ ವಾರ ನೀರು ಹಾಕುವ ಅಗತ್ಯ ಬೀಳಲಿಲ್ಲ. ಕೊಳ್ಳಲು ಬಂದವರು ಚೀಟಿ ಈಸಿಕೊಂಡು ಎದ್ದರು. ಹೆಂಡತಿ ಮಾತ್ರ ಬಾಗಿಲ ಹತ್ತಿರ ನಿಂತು, “ಈ ಅಜ್ಜಿಯ ಕಟ್ಟಡದಲ್ಲಿ ಯಾವುದಾದ್ರೂ ಮನೆ ಖಾಲಿ ಇದೆಯಾ ಕೇಳ್ರೀ, ನೋಟ ಚೆನ್ನಾಗಿರೋ ಹಂಗಿದೆ” ಎಂದು ಗಂಡನ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಮ್ಯಾನೇಜರ್ ಟೈಮರುಗಳನ್ನು ನಿಲ್ಲಿಸಲು ಹೇಳಿ ಕಳಿಸಿ, ಮೇಜಿನ ಸೆಳೆಖಾನೆಯಿಂದ ಬೀಗದ ಕೈ ತೆಗೆದ. ಟೀಚರ್ ಮತ್ತು ಸಂಗಡಿಗರು ಅದು ಸ್ವಿಚ್ಚಮ್ಮನ ಕೈಗೆ ಬರುವವರೆಗೆ ಕದಲಲಿಲ್ಲ. ಬಂದ ಮೇಲೆ, ಗಂಡನದು ತಪ್ಪೋ ಹೆಂಡತಿಯದೋ ಎಂದು ವಾದ ಮಾಡುತ್ತಲೇ ಬೀದಿ ದಾಟಿದರು.

ಕಚೇರಿಯಲ್ಲಿ ಇಬ್ಬರೇ ಉಳಿದರು. ಮ್ಯಾನೇಜರ್ ಕೆಂಡದಂಥ ಕಣ್ಣು ಬಿಟ್ಟು, “ತಗೊಂಡೆಯಲ್ಲ, ಸಂತೋಷವಾಯ್ತಾ? ಊರಿಗೆಲ್ಲಾ ಗೊತ್ತಾಯ್ತು ಖಾಲಿ ಮನೆ ಅಂತ. ಇನ್ನು ಸುಳ್ಳು ದೀಪ ಹಾಕಿ ಯಾರನ್ನ ನಂಬಿಸ್ತೀಯ?” ಎಂದ.

ಗೋಡೆಯ ಗಡಿಯಾರ ಐದೂಮುಕ್ಕಾಲು ತೋರಿಸುತ್ತಿತ್ತು. ಸ್ವಿಚ್ಚಮ್ಮ ಚೀಲ ಹೆಗಲಿಗೇರಿಸಿ ಲಿಫ್ಟಿನ ಕಡೆ ಹೊರಟವಳು ಬಾಗಿಲಲ್ಲಿ ತಿರುಗಿ ನಿಂತಳು.

“ಸುಳ್ಳು ಹೇಳೋದು ನಿಮ್ಮ ಇಲಾಖೆ ಸಾರ್. ನಾನು ಸಂಸಾರಸ್ಥೆ.”