ಡಬ್ಬಿಯ ಮುಂದಿನ ಜಾಗ

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಏಳನೆಯ ತರಗತಿ ಮುಗಿಯುವ ಮುಂಚೆ ಶಾಲೆ ಬಿಟ್ಟವಳು ನಾನು, ಚೆಂದದ ಮಾತುಗಳೂ ಹೆಚ್ಚು ಗೊತ್ತಿಲ್ಲ. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಇದು ನನ್ನ ಖಾಲಾ, ಅಂದರೆ ನಮ್ಮ ಅಮ್ಮನ ಅಕ್ಕ, ಸೈದಾನಬಿಯ ವಿಷಯ. ಅವಳು ಹೇಳಿದ್ದನ್ನೂ ಅವಳ ಜೊತೆಗಾತಿ ಯಂಕಮ್ಮ ಹೇಳಿದ್ದನ್ನೂ ಕೂಡಿಸಿ, ಅನುಮಾನ ಬಂದಲ್ಲಿ ಮತ್ತೆ ಕೇಳಿ ಬರೆದಿದ್ದೇನೆ.

ವಾಡಿಯಲ್ಲಿ ರೈಲು ಹಳಿಯ ಆಚೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಶೆಡ್ಡುಗಳಿವೆ. ಅಂಥದೊಂದು ಶೆಡ್ಡಿನಲ್ಲಿ ಸೈದಾನಬಿಗೆ ಮಷೀನಿಗೆ ನೀರು ಹಾಕುವ ಕೆಲಸ. ದುಂಡನೆಯ ಅಲಗು ಕಲ್ಲಿನೊಳಗೆ ಇಳಿಯುವಾಗ ಮೇಲಿಂದ ನೀರು ಬೀಳುತ್ತಲೇ ಇರಬೇಕು. ನಿಂತರೆ ಅಲಗು ಕಾದು ಕೆಡುತ್ತದೆ. ಆ ಸದ್ದನ್ನು ಹೇಗೆ ಹೇಳುವುದೋ ನನಗೆ ತಿಳಿಯದು. ಯಂಕಮ್ಮ ಅದನ್ನು ‘ಸಾವಿರ ಬೆಕ್ಕಿನ ಬಾಲ ಒಮ್ಮೆಗೇ ತುಳಿದಂಗ’ ಎನ್ನುತ್ತಾಳೆ. ಗಂಡ ತೀರಿಕೊಂಡ ವರ್ಷದಿಂದ ಸೈದಾನಬಿ ಆ ಅಲಗಿಗೆ ಎಡಗಿವಿ ಕೊಟ್ಟು ನಿಂತವಳು. ಯಂಕಮ್ಮ ಹೊರಗೆ ಕೊಯ್ದ ಕಲ್ಲು ಹೊರುತ್ತಾಳೆ.

ಮೊದಲು ಹೋದದ್ದು ಗುಬ್ಬಿಯ ಸದ್ದು. ಅವು ಊರು ಬಿಟ್ಟಿರಬೇಕು ಎಂದು ಸೈದಾನಬಿ ತಿಳಿದಿದ್ದಳು. ಆಮೇಲೆ ಬೆಳಗಿನ ಬಾಂಗು ತೆಳ್ಳಗಾಯಿತು. ಆಮೇಲೆ ಜನರ ಮಾತು, ಅದರಲ್ಲೂ ಹೆಂಗಸರ ಮತ್ತು ಮಕ್ಕಳ ಮಾತು. ಎದುರಿಗೆ ನಿಂತವರ ತುಟಿ ನೋಡಿ ಉತ್ತರ ಕೊಡುವುದನ್ನು ಅವಳು ತಾನಾಗಿಯೇ ಕಲಿತಳು. ಬೆನ್ನ ಹಿಂದೆ ಕರೆದರೆ ತಿರುಗದಿದ್ದುದಕ್ಕೆ ಕೆಲವರು ಸೊಕ್ಕು ಬಂದಿದೆ ಎಂದರು. ಅವಳು ಸೊಕ್ಕೆಂದೇ ಇರಲಿ ಎಂದುಕೊಂಡಳು. ಯಂಕಮ್ಮನಿಗೂ ಶೆಡ್ಡು ನೋಡಿಕೊಳ್ಳುವ ಮುಕಾದಮ ಭೀಮಶ್ಯಾನಿಗೂ ಮಾತ್ರ ಗೊತ್ತಿತ್ತು.

“ಕಿವಿ ಹೋದ್ರ ಏನಾತು ಸೈದಾನಬಿ? ಕಲ್ಲು ನಿನ್ನ ಜೋಡಿ ಮಾತಾಡ್ತದೇನು?” ಎಂದು ಅವನು ನಗುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಅವನೂ ಅರ್ಧ ಕಿವುಡನೇ.

ಅದೇ ಭೀಮಶ್ಯಾ ನಾನು ಹೇಳಹೊರಟಿರುವ ವಾರ ಎರಡನೆಯ ಮಷೀನು ತರಿಸಿದ್ದ. ಅದಕ್ಕೆ ನೀರು ಹಾಕಲು ಒಬ್ಬಳು ಬೇಕಾಗಿತ್ತು. “ನಿನ್ನ ತಂಗಿ ಮಗಳು ಸಾಲಿ ಬಿಟ್ಟು ಮನ್ಯಾಗ ಕುಂತಾಳಲ್ಲ, ಕರಕೊಂಬಾ” ಎಂದ. ತಂಗಿ ಮಗಳೆಂದರೆ ನಾನು. ಮನೆಯಲ್ಲಿ ಅಮ್ಮ ಆಗಲೇ ಹೂಂ ಎಂದಿದ್ದಳು. ಸೈದಾನಬಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಆಗಲಿಲ್ಲ.

ಅದು ಎಮರ್ಜೆನ್ಸಿ ಮುಗಿದ ಮರುವರ್ಷ. ಚಳಿಗಾಲದಲ್ಲಿ ಸಿಕಂದರಾಬಾದಿನಿಂದ ಒಂದು ಬಾಜಾ ಪಾರ್ಟಿ ವಾಡಿಗೆ ಬರುತ್ತದೆಂದು ಸುದ್ದಿ ಹಬ್ಬಿತು. ಕರೆಂಟಿನ ಗಿಟಾರು, ಡ್ರಮ್ಮು, ಉದ್ದ ಕೂದಲ ಹುಡುಗರು. ರಾತ್ರಿ ರೈಲು ಹಿಡಿಯಬೇಕಾದ್ದರಿಂದ ಸಂಜೆಯ ಬೆಳಕಿನಲ್ಲೇ ಹಾಡಿ ಹೋಗುವವರು. ಟಿಕೆಟಿಲ್ಲ, ದರ್ಗಾದ ಮುಂದಿನ ಮೈದಾನದಲ್ಲಿ.

ಸುದ್ದಿ ತಂದವಳು ಯಂಕಮ್ಮ. ಸೈದಾನಬಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ತುಟಿ ದೊಡ್ಡದು ಮಾಡಿ ಹೇಳಿದಳು: “ಆಪಾ, ಅವರು ಬಾರಿಸಿದ್ರ ಮನಿ ಮ್ಯಾಲಿನ ತಗಡು ಅಲಗಾಡ್ತಾವಂತ. ಸತ್ತವರೂ ಎದ್ದು ಕುಂದರ್ತಾರಂತ.”

“ಮುಂದ ಕುಂತರ?”

“ಮುಂದ ಕುಂತರ ನಿನಗೂ ಕೇಳ್ತದ.”

ಸೈದಾನಬಿಗೆ ಹಾಡೆಂದರೆ ಪ್ರಾಣ. ಹುಡುಗಿಯಾಗಿದ್ದಾಗ ಉರುಸಿನ ಕವ್ವಾಲಿಗೆ ಅವಳು ತಪ್ಪಿದ್ದಿಲ್ಲ. ಹೋದ ಸಲದ ಉರುಸಿನಲ್ಲಿ ಮಾತ್ರ ಕವ್ವಾಲರ ಚಪ್ಪಾಳೆ ಕೇಳಿತ್ತು, ಕೊರಳು ಕೇಳಿರಲಿಲ್ಲ. ದೂರ ಕುಂತಿದ್ದೆ, ಅದಕ್ಕೇ ಎಂದು ಸಮಾಧಾನ ಮಾಡಿಕೊಂಡಿದ್ದಳು. ಈಗ ಅವಳು ಮನಸ್ಸಿನಲ್ಲೇ ಒಂದು ಗೆರೆ ಎಳೆದಳು. ಎಲ್ಲರಿಗಿಂತ ಮುಂದೆ ಕುಂತು ಕೇಳುತ್ತೇನೆ. ಅಲ್ಲಿಯೂ ಹಾಡುವವನ ಕೊರಳು ಕೇಳದಿದ್ದರೆ, ಕಿವಿ ಹೋಯಿತೆಂದೇ ತಿಳಿದು ಆಸೆ ಬಿಡುತ್ತೇನೆ.

ನಮ್ಮ ಕಡೆ ಜಾಗ ಹಿಡಿಯುವುದೆಂದರೆ ಕೌದಿ ಹಾಸುವುದು. ಮುಂಜಾನೆಯೇ ಹೋಗಿ ಕೌದಿ ಹಾಸಿ, ನಾಲ್ಕೂ ಮೂಲೆಗೆ ಫರ್ಸಿ ತುಂಡು ಇಟ್ಟು ಬಂದರೆ ಸಂಜೆಯವರೆಗೂ ಯಾರೂ ಅದನ್ನು ಮುಟ್ಟುವುದಿಲ್ಲ. ನಾಯಿ ಮಲಗಬಹುದು, ಮನುಷ್ಯರು ದಾಟುವುದೂ ಇಲ್ಲ. ತೇಪೆ ನೋಡಿಯೇ ಇದು ಇಂಥವರ ಮನೆಯ ಕೌದಿ ಎಂದು ಹೆಂಗಸರಿಗೆ ತಿಳಿಯುತ್ತದೆ. ಮೈದಾನದ ಬೇವಿನ ಮರದ ಬುಡದಲ್ಲಿ ಕಲ್ಲಿನ ಕಟ್ಟೆ ಇದೆ. ಕವ್ವಾಲರು ಯಾವಾಗಲೂ ಅಲ್ಲೇ, ದರ್ಗಾಕ್ಕೆ ಮುಖ ಮಾಡಿ ಕುಳಿತುಕೊಳ್ಳುತ್ತಾರೆ. ಹಾಗಾಗಿ ಮುಂದಿನ ಸಾಲು ಯಾವುದೆಂದು ಊರಲ್ಲಿ ಯಾರೂ ಕೇಳಬೇಕಾಗಿಲ್ಲ.

ಆ ಭಾನುವಾರ ಕತ್ತಲು ಹರಿಯುವಾಗಲೇ ಸೈದಾನಬಿ ನಡುವೆ ಕೆಂಪು ಚೌಕವಿದ್ದ ತನ್ನ ಕೌದಿಯನ್ನು ಕಟ್ಟೆಗೆ ತಾಗಿಸಿ ಹಾಸಿದಳು. ಮಧ್ಯಾಹ್ನದವರೆಗೆ ಕೆಲಸ ಮಾಡಿದಳು. ಸೊಂಟ ಹಿಡಿದುಕೊಂಡಿತ್ತು, ಕೈ ನೀರಿನಲ್ಲಿ ನೆನೆದು ಸುಕ್ಕಾಗಿತ್ತು. ಮನೆಗೆ ಹೋಗಿ ಅಡ್ಡಾದರೆ ಏಳಲಾರೆನೆಂದು, ರೊಟ್ಟಿ ಕಟ್ಟಿಕೊಂಡು ಯಂಕಮ್ಮನೊಡನೆ ನೇರ ಮೈದಾನಕ್ಕೇ ಬಂದಳು. ಕೌದಿ ಇದ್ದಲ್ಲೇ ಇತ್ತು. ಅದರ ಹಿಂದೆ ಹತ್ತಾರು ಕೌದಿ ಬಿದ್ದಿದ್ದವು. ಸೈದಾನಬಿ ಕಟ್ಟೆಗೆ ಒರಗಿ ಕಣ್ಣು ಮುಚ್ಚಿದಳು.

ಯಂಕಮ್ಮ ಅವಳ ಭುಜ ಅಲಗಾಡಿಸಿದಾಗ ಹೊತ್ತು ಇಳಿದಿತ್ತು.

“ಆಪಾ, ಏಳ. ಕೆಟ್ಟಿವಿ.”

ಪಾರ್ಟಿಯವರ ಲಾರಿ ಬಂದಿತ್ತು. ಅದು ಬಂದು ನಿಂತದ್ದು ಮೈದಾನದ ಆ ತುದಿಯಲ್ಲಿ, ರೈಲ್ವೆ ಕ್ವಾರ್ಟರ್ಸಿನ ಕಡೆ. ಕರೆಂಟಿನ ವೈರು ಬರುವುದು ಆ ಕಡೆಯಿಂದಲೇ. ಕಟ್ಟೆಯೋ ತಗ್ಗು ದಿಣ್ಣೆ, ಅದರ ಮೇಲೆ ಡ್ರಮ್ಮು ನಿಲ್ಲುವುದಿಲ್ಲ. ಸಾಮಾನು ಇಳಿಸಿದವರು ಅಲ್ಲೇ ಹಲಗೆ ಜೋಡಿಸಿ, ಎದೆಯೆತ್ತರದ ಕರಿಯ ಸ್ಪೀಕರ್ ಡಬ್ಬಿಗಳನ್ನು ಅಕ್ಕಪಕ್ಕ ನಿಲ್ಲಿಸಿದ್ದರು. ಈಚೆ ತುದಿಯ ಮೊದಲ ಸಾಲು ಈಗ ಕಟ್ಟಕಡೆಯ ಸಾಲಾಗಿತ್ತು. ತಡವಾಗಿ ಬಂದವರೆಲ್ಲ ಅಲ್ಲಿ ಮುಂದೆ ಕೂತಿದ್ದರು.

ಸೈದಾನಬಿಗೆ ಸಿಟ್ಟು ಬರಲು ಕೂಡ ಮೈಯಲ್ಲಿ ಕಸುವು ಇರಬೇಕಲ್ಲ. “ಬಿಡು ಯಂಕಿ, ಮನಿಗಿ ಹೋಗಿ ಮಲಗ್ತೀನಿ” ಎಂದಳು.

“ಮಲಗ್ತಾಳಂತ! ನಸುಕಿನ್ಯಾಗ ಎದ್ದು ಹಾಸಿದ್ದು ಇದಕ್ಕೇನು?” ಯಂಕಮ್ಮ ಫರ್ಸಿ ತುಂಡುಗಳನ್ನು ಒದ್ದು, ಕೌದಿ ಬಾಚಿ ಹೆಗಲಿಗೆ ಹಾಕಿಕೊಂಡು, ಸೈದಾನಬಿಯ ಕೈ ಹಿಡಿದು ಎಳೆದುಕೊಂಡು ಹೊರಟಳು.

ಹೆಂಗಸರ ಕಡೆ, ಡಬ್ಬಿಯ ಮುಂದೆ, ಕಿರಾಣಿ ಅಂಗಡಿಯವರ ಮನೆಯ ವಿಮಲಾಬಾಯಿ ಜಮಖಾನ ಹಾಸಿ ಸೊಸೆಯರೊಂದಿಗೆ ಕೂತಿದ್ದಳು.

“ಬಾಯೇರ, ಸರೀರಿ ಸ್ವಲ್ಪ. ಮೊದಲನೇ ಸಾಲು ನಮ್ದು” ಎಂದಳು ಯಂಕಮ್ಮ.

“ನಿಮ್ದು ಹ್ಯಾಂಗ? ಮೊದಲು ಬಂದವರಿಗೆ ಮೊದಲು ಜಾಗ.”

“ನಾವೇ ಮೊದಲು ಬಂದೀವ್ರಿ. ಸ್ಟೇಜು ತಡ ಮಾಡಿ ಬಂತು.”

ಹಿಂದಿದ್ದವರು ಗೊಳ್ಳೆಂದರು. ವಿಮಲಾಬಾಯಿಗೂ ನಗು ತಡೆಯಲಾಗಲಿಲ್ಲ. ಕೌದಿಯ ಕೆಂಪು ಚೌಕ ನೋಡಿ ಅವಳಿಗೆ ಗುರುತು ಹತ್ತಿತು. ಮುಂಜಾನೆ ನೀರಿಗೆ ಹೋಗುವಾಗ ಅದು ಕಟ್ಟೆಯ ಹತ್ತಿರ ಇದ್ದುದನ್ನು ಅವಳೂ ಕಂಡಿದ್ದಳು. ಹಾಸಿದ ಕೌದಿಗೆ ಇಲ್ಲವೆನ್ನುವುದು ಹ್ಯಾಗೆ?

“ಬೇಕಾದ್ರ ಡಬ್ಬಿ ಮುಂದ ಒಬ್ಬಾಕಿ ಕುಂದರ್ರಿ. ನಾವು ಆ ಕಡೆ ಸರೀತೀವಿ. ಅದರ ಮುಂದ ಕುಂತರ ಕಿವಿ ಹೋಗ್ತಾವ ಅಂತ ನಮ್ಮನಿಯವರು ಅಂದಾರ.”

“ಆಕಿವು ಹೋಗೇ ಬಿಟ್ಟಾವ, ತಗೋರಿ!” ಎಂದು ಯಂಕಮ್ಮ ಕೌದಿ ಕೊಡವಿ ಹಾಸಿ, ತಾನೂ ಅಂಚಿನಲ್ಲಿ ತೂರಿಕೊಂಡಳು.

ಹೀಗೆ ಸೈದಾನಬಿಗೆ ಎಲ್ಲರಿಗಿಂತ ಮುಂದಿನ ಜಾಗ ಸಿಕ್ಕಿತು. ಕೈ ಚಾಚಿದರೆ ಹಲಗೆ. ಡಬ್ಬಿಯ ಪಕ್ಕದಲ್ಲಿ ಡ್ರಮ್ಮಿನ ಹುಡುಗ ಅವಳ ನೇರಕ್ಕೇ ಕುಳಿತಿದ್ದ. ಗಲ್ಲದ ಮೇಲೆ ಆಗತಾನೇ ಗಡ್ಡ ಚಿಗುರಿತ್ತು. ಅವನು ಅಂಗಿಯ ಜೇಬಿನಿಂದ ಹತ್ತಿ ತೆಗೆದು, ಹೊಸೆದು, ಕಿವಿಗೆ ಇಟ್ಟುಕೊಂಡ. ಸೈದಾನಬಿಗೆ ಬಹಳ ಸಂತೋಷವಾಯಿತು. ಉರುಸಿಗೆ, ಮದುವೆಗೆ ಹೋಗುವಾಗ ನಮ್ಮ ಗಂಡಸರು ಅತ್ತರಿನ ಹತ್ತಿಯನ್ನು ಕಿವಿಯ ಮಡಿಕೆಯಲ್ಲಿ ಇಡುತ್ತಾರೆ. ಕೂದಲು ಬಿಟ್ಟರೂ ಅದಬು ಮರ್ಯಾದೆ ಬಿಟ್ಟಿಲ್ಲ ಹುಡುಗ ಎಂದುಕೊಂಡಳು.

ಬಾರಿಸಲು ಶುರುವಾಯಿತು. ಡ್ರಮ್ಮಿನ ಪೆಟ್ಟು ಎದೆಯ ಗೂಡಿನೊಳಗೆ ಬಿತ್ತು. ದಪ್ಪ ತಂತಿಯ ಗಿಟಾರು ಹೊಟ್ಟೆಯಲ್ಲಿ ಗುಂಯ್‌ಗುಟ್ಟಿತು. ಅಷ್ಟು ಕೇಳಿತು. ಹಾಡುವವನು ಮೈಕು ಬಾಯಿಗೆ ಒತ್ತಿ, ಕೊರಳಿನ ನರ ಉಬ್ಬಿಸಿ ಕೂಗುತ್ತಿದ್ದ. ಸೈದಾನಬಿ ಬಲಗಿವಿ ಕೊಟ್ಟಳು, ಆಮೇಲೆ ಎಡಗಿವಿ. ಕೊರಳು ಬರಲಿಲ್ಲ. ಮೂರನೆಯ ಹಾಡಿಗೆ ಡ್ರಮ್ಮು ನಿಂತು, ಗಿಟಾರು ನಿಂತು, ಅವನೊಬ್ಬನೇ ಕಣ್ಣು ಮುಚ್ಚಿ ಹಾಡಿದ. ಮೈದಾನವೆಲ್ಲ ಬಾಯಿ ತೆರೆದು ಕೇಳುತ್ತಿತ್ತು. ಅವಳ ಪಾಲಿಗೆ ಒಬ್ಬ ಹುಡುಗ ಸುಮ್ಮನೆ ತುಟಿ ಆಡಿಸುತ್ತಿದ್ದ.

ಅವಳು ಎಳೆದಿದ್ದ ಗೆರೆ ಅದೇ. ಅಳು ಬರಲಿಲ್ಲ. ಬಹಳ ದೂರದಿಂದ ಹೊತ್ತು ತಂದದ್ದನ್ನು ಕೆಳಗಿಟ್ಟಂತೆ ಭುಜ ಜೋತುಬಿದ್ದವು.

“ಏನಂತಾನ ಯಂಕಿ?” ಎಂದು ಕೇಳಿದಳು.

ಯಂಕಮ್ಮ ಅವಳ ಕಡೆ ತಿರುಗಿ, ತುಟಿ ದೊಡ್ಡದು ಮಾಡಿದಳು. “ಇಂಗ್ಲಿಷ್ ಐತಿ ಆಪಾ. ನನಗೂ ಏನೂ ತಿಳೀವಲ್ದು. ಈ ಮೈದಾನದಾಗ ಇವತ್ತ ಎಲ್ಲರೂ ನಿನ್ನಂಗೇ.”

ಸೈದಾನಬಿ ನಕ್ಕಳು. ನಕ್ಕದ್ದಕ್ಕೇ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಳು.

ಆ ಹಾಡು ಮುಗಿದಾಗ ಹಾಡುವವನು ತಿರುಗಿ ಡ್ರಮ್ಮಿನ ಹುಡುಗನಿಗೆ ಏನೋ ಅಂದ. ಹುಡುಗ ಬೆರಳು ಹಾಕಿ ಕಿವಿಯಿಂದ ಹತ್ತಿ ಹೊರಗೆಳೆದ. ಅದು ಮಡಿಕೆಯಲ್ಲಿ ಇರಲಿಲ್ಲ, ಬಿರಡೆಯ ಹಾಗೆ ಒಳಗೆ ಕೂತಿತ್ತು. ಮಾತು ಕೇಳಿ ತಲೆಯಾಡಿಸಿ, ಮತ್ತೆ ಒತ್ತಿ ಒಳಗೆ ತುರುಕಿದ. ಇನ್ನೊಂದು ಕಿವಿಯದನ್ನೂ ಒತ್ತಿಕೊಂಡ. ಆಮೇಲೆ ಬಾರಿಸಿದ.

ಹಿಂದೆ ಕೂತವರಿಗೆ ಅದು ಕಾಣುವಂತಿರಲಿಲ್ಲ. ಸೈದಾನಬಿ ಅಲ್ಲಿಂದ ಮುಂದೆ ಹಾಡುವವನನ್ನು ನೋಡಲೇ ಇಲ್ಲ. ಮುಗಿಯುವವರೆಗೂ ಆ ಹುಡುಗನ ಕಿವಿಯನ್ನೇ ನೋಡಿದಳು.

ಜನ ಏಳುತ್ತಿದ್ದಂತೆ ಅವಳು ಹಲಗೆಯ ಹತ್ತಿರ ಹೋದಳು. ಹುಡುಗ ಡ್ರಮ್ಮಿನ ತಿರುಪು ಬಿಚ್ಚುತ್ತಿದ್ದ. ಅವಳು ನಮ್ಮ ಮನೆಮಾತಾದ ಉರ್ದುವಿನಲ್ಲಿ ಕೇಳಿದಳು, ಅವನೂ ಅದರಲ್ಲೇ ಉತ್ತರ ಕೊಟ್ಟ. ನಾನು ಕನ್ನಡದಲ್ಲಿ ಬರೆಯುತ್ತೇನೆ.

“ಬೇಟಾ, ಕಿವಿಯಲ್ಲಿ ಅತ್ತರೇನು?”

ಹುಡುಗ ನಕ್ಕ. “ಅತ್ತರಲ್ಲ ಅಮ್ಮಾ, ಬರೀ ಹತ್ತಿ. ಇದಿಲ್ಲದಿದ್ದರೆ ದಿನಾ ಈ ಸದ್ದಿನಲ್ಲಿ ಕಿವುಡನಾಗಿಬಿಡುತ್ತೇನೆ.”

“ಯಾರು ಹೇಳಿದರು?”

“ಕಲಿಸಿದ ಉಸ್ತಾದರು.”

“ಯಾವಾಗ?”

ಅವನಿಗೆ ಆ ಪ್ರಶ್ನೆ ವಿಚಿತ್ರವಾಗಿ ಕಂಡಿರಬೇಕು. “ಮೊದಲ ದಿನ” ಎಂದ.

ಮೊದಲ ದಿನ ಎಂಬುದನ್ನು ಸೈದಾನಬಿ ಅವನ ತುಟಿಯ ಮೇಲೆ ಓದಿದಳು. ಸರಿಯಾಗಿ ಓದಿದೆನೋ ಇಲ್ಲವೋ ಎಂದು ಯಂಕಮ್ಮನನ್ನೂ ಕೇಳಿ ಗಟ್ಟಿ ಮಾಡಿಕೊಂಡಳು. ತನ್ನ ಮೊದಲ ದಿನ ಭೀಮಶ್ಯಾ ಬಕೆಟ್ಟು ಕೊಟ್ಟಿದ್ದ, ನಲ್ಲಿ ತೋರಿಸಿದ್ದ, ಸೆರಗು ಸಿಕ್ಕೀತು ಕಟ್ಟಿಕೋ ಎಂದಿದ್ದ. ಹತ್ತಿಯ ವಿಷಯ ಅವನಿಗೂ ಯಾರೂ ಹೇಳಿರಲಿಲ್ಲ. ಹುಡುಗ ಜೇಬಿನಲ್ಲಿ ಉಳಿದಿದ್ದ ಹತ್ತಿಯನ್ನು ಅವಳ ಕೈಗೆ ಹಾಕಿದ. ಅವಳಿಗೇ ಬೇಕೆಂದು ತಿಳಿದಿರಬೇಕು.

ಹಳಿ ದಾಟಿ ಬರುವಾಗ ಯಂಕಮ್ಮ, “ಇನ್ನ ನೀನೂ ಇಟಗೋ ಆಪಾ” ಎಂದಳು.

“ಕುದರಿ ಓಡಿಹೋದ ಮ್ಯಾಲ ಲಾಯಕ್ಕ ಬಾಗಲಾ ಹಾಕಿದಂಗ” ಎಂದಳು ಸೈದಾನಬಿ. ಆದರೂ ಹತ್ತಿಯನ್ನು ಸೆರಗಿನ ತುದಿಗೆ ಗಂಟು ಹಾಕಿದ್ದಳು.

ಅವಳು ನೇರ ನಮ್ಮ ಮನೆಗೆ ಬಂದಳು. ಹೊಸ್ತಿಲ ಮೇಲೆಯೇ ಕುಳಿತಳು. ನನ್ನನ್ನು ಎದುರಿಗೆ ಕೂರಿಸಿಕೊಂಡು, ಸೆರಗಿನ ಗಂಟು ಬಿಚ್ಚಿ, ಹತ್ತಿಯನ್ನು ಹೇಗೆ ಹೊಸೆಯಬೇಕು, ಎಷ್ಟು ಒಳಗೆ ಇಡಬೇಕು ಎಂದು ತೋರಿಸಿದಳು. “ಮುಕಾದಮ ನಗತಾನ. ನಗಲಿ. ಅತ್ತರು ಅಂತ ಹೇಳು” ಎಂದಳು. ಅಮ್ಮ ಚಹಾ ತರುವಷ್ಟರಲ್ಲಿ ಅವಳು ಗೋಡೆಗೆ ಒರಗಿ ನಿದ್ದೆಹೋಗಿದ್ದಳು. ನಾನು ಕರೆದೆ. ಕೇಳಿಸಲಿಲ್ಲ. ಮುಟ್ಟಿ ಎಬ್ಬಿಸಲು ಮನಸ್ಸಾಗಲಿಲ್ಲ, ಕೌದಿ ಹೊದಿಸಿದೆ.

ಮರುದಿನ ನಾನು ಎರಡನೆಯ ಮಷೀನಿಗೆ ನೀರು ಹಾಕುವ ಕೆಲಸಕ್ಕೆ ಹೋದೆ. ಮನೆ ಬಿಡುವ ಮುಂಚೆ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡೆ.