ಸೆಕೆಂಡ್ ಶಿಫ್ಟಿನ ಹಾಡು

ನಮ್ಮ ಯಜಮಾನರ ಹೆಸರನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯಾದ ಹೊಸದರಲ್ಲೇ ನನ್ನ ಅತ್ತೆ ತಿಮ್ಮಮ್ಮನವರು ಅಪ್ಪಣೆ ಮಾಡಿಬಿಟ್ಟಿದ್ದರು. "ಗಂಡನ್ ಎಸ್ರು ಏಳಿದ್ರೆ ಆಯಸ್ಸು ಕಮ್ಮಿ ಆಯ್ತದೆ ಕಣವ್ವ." ದೀಕ್ಷೆ ತೆಗೆದುಕೊಂಡು ಬೌದ್ಧರಾದ ಮನೆ. ಹಳೆಯ ದೇವರ ಪಟಗಳೆಲ್ಲ ಗೋಡೆಯಿಂದ ಇಳಿದವು, ಈ ನಂಬಿಕೆ ಮಾತ್ರ ಇಳಿಯಲಿಲ್ಲ. ಮೂಢನಂಬಿಕೆಯ ಮೇಲೆ ಪೇಪರಿನಲ್ಲಿ ಉದ್ದುದ್ದ ಬರೆಯುವ ಅವರ ಮಗರಾಯ ಇದೊಂದರ ಬಗ್ಗೆ ತುಟಿ ಬಿಚ್ಚಿಲ್ಲ. ಹೆಸರು ಬೇಕಾದವರು ಭಾನುವಾರದ ಪೇಪರು ನೋಡಿಕೊಳ್ಳಲಿ. ಸಿನಿಮಾ, ಸಂಗೀತ, ಪುಸ್ತಕ ಅಂತ ಊರವರ ಬೆವರಿಗೆಲ್ಲ ತೀರ್ಪು ಕೊಡುವ ಪುಟದಲ್ಲಿ ಅದು ದಪ್ಪಕ್ಷರದಲ್ಲೇ ಇರುತ್ತದೆ.

ಉಳಿದ ದಿನ ಮೈಸೂರಿನ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಚೆಕಿಂಗ್. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಪಾರ್ಟನ್ನು ಎತ್ತಿ ಪಕ್ಕಕ್ಕೆ ಹಾಕುವ ಕೆಲಸ. ಸಂಬಳ ಕೊಡುವುದೇ ಅದಕ್ಕೆ, ಸರಿ. ಗೇಟು ದಾಟಿದ ಮೇಲಾದರೂ ಆ ಕೈ ಸುಮ್ಮನಾಗಬೇಕೋ ಬೇಡವೋ?

ಸಿನಿಮಾಕ್ಕೆ ಹೋದರೆ ನನಗೆ ಅಳು ಬರುವ ಹೊತ್ತಿಗೆ ಸರಿಯಾಗಿ ಕಿವಿಯ ಹತ್ತಿರ ಬಾಗಿ "ಈ ಸೀನು ಬೇಕಿರ್ಲಿಲ್ಲ" ಅನ್ನುತ್ತಾರೆ. ಬಂದ ಅಳು ವಾಪಸ್ಸು ಹೋಗುತ್ತದೆ. ವಿಹಾರದಲ್ಲಿ ಎಲ್ಲರೂ ಕಣ್ಣುಮುಚ್ಚಿ ಪಂಚಶೀಲ ಹೇಳುತ್ತಿದ್ದರೆ ಇವರಿಗೆ ಮೈಕಿನ ಎಕೋ ಜಾಸ್ತಿಯಾಯಿತು ಅನ್ನುವ ಚಿಂತೆ. ನನ್ನ ತಮ್ಮ ಮಹೇಶ ಕವನ ಸಂಕಲನ ತಂದಾಗ ಭಾವನೇ ಬರಬೇಕೆಂದು ಕರೆದು, ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ ವೇದಿಕೆಯಲ್ಲಿ ಕೂರಿಸಿದ. ತಲೆಯ ಮೇಲೆ ಪೇಟ ಇಟ್ಟರೆ ಬಾಯಿ ಕಟ್ಟಿದಂತೆ ಅಂತ ಊರೆಲ್ಲ ನಂಬಿಕೊಂಡಿರುವ ಪದ್ಧತಿ. ಇವರು ಅದೇ ಪೇಟದಲ್ಲಿ ಎದ್ದು ನಿಂತು, "ಪುಸ್ತಕದ ಕಾಗದ ಬಹಳ ಚೆನ್ನಾಗಿದೆ" ಅಂದರು. ಅಂದಿನಿಂದ ಮಹೇಶ ನಮ್ಮ ಮನೆಗೆ ಬರುವುದು ಇವರಿಲ್ಲದ ಹೊತ್ತು ವಿಚಾರಿಸಿಕೊಂಡೇ.

ಇವರಲ್ಲಿ ಒಳ್ಳೆಯದಿಲ್ಲ ಅಂತಲ್ಲ. ಯಾರ ಮುಲಾಜಿಗೂ ಸುಳ್ಳು ಬರೆದವರಲ್ಲ. ಹೊಗಳುವುದೂ ಉಂಟು. ಹೊಗಳಿದ ಮೇಲೆ ಒಂದು 'ಆದರೆ' ಬಂದೇ ಬರುತ್ತದೆ, ಅಷ್ಟೇ. ಮೊಸರಲ್ಲಿ ಕಲ್ಲು ಹುಡುಕುವವರಿಗೆ ಮೊಸರಿನ ರುಚಿ ಹೇಗೆ ಗೊತ್ತಾಗಬೇಕು?

ಆ 'ಆದರೆ' ನನಗೂ ಬಂದಿತ್ತು. ಹೈಸ್ಕೂಲಿನಲ್ಲಿ ಹಾಡಿಗೆ ಬಹುಮಾನ ತಂದವಳು ನಾನು. ಮದುವೆಯಾದ ವರ್ಷ ನಾದಿನಿಯ ಮಗುವಿನ ನಾಮಕರಣದಲ್ಲಿ ಹಿರಿಯರೆಲ್ಲ ಬಲವಂತ ಮಾಡಿ ಹಾಡಿಸಿದರು. ಸ್ಕೂಟರಿನಲ್ಲಿ ವಾಪಸ್ಸು ಬರುವಾಗ ಇವರು ಹಿಂದಕ್ಕೂ ತಿರುಗದೆ ಹೇಳಿದರು: "ಚೆನ್ನಾಗಿತ್ತು. ಆದ್ರೆ ಮೇಲಕ್ಕೆ ಹೋದಾಗ ಶ್ರುತಿ ಬಿಟ್ಬುಟ್ಟೆ. ಕೇಳೋರಿಗೆ ಹಿಂಸೆ ಅದು."

ಹಿಂಸೆ! ಅವತ್ತು ಬಾಯಿ ಮುಚ್ಚಿದವಳು ಇವರ ಎದುರು ಮತ್ತೆ ಹಾಡಲಿಲ್ಲ. ಮಗಳು ಧರಣಿಗೆ ಜೋಗುಳ ಹಾಡಿದ್ದೂ ಇವರು ಸೆಕೆಂಡ್ ಶಿಫ್ಟಿಗೆ ಹೋದ ಮೇಲೆ. ಹೂಟಗಳ್ಳಿಯ ತಿರುವಿನಲ್ಲಿ ಕಂಪನಿ ಬಸ್ಸು ಮರೆಯಾದರೆ ನಮ್ಮ ಮನೆಗೆ ಗಂಟಲು ಬರುತ್ತಿತ್ತು. ನಾನು ಅಡುಗೆಮನೆಯಲ್ಲಿ, ಅವಳು ಹಜಾರದಲ್ಲಿ, ಅತ್ತೆ ಜಗಲಿಯಲ್ಲಿ ತಮ್ಮ ರಾಗಿಕಲ್ಲಿನ ಪದ ಹೇಳಿಕೊಂಡು. ಇವರು ಮನೆಯಲ್ಲಿದ್ದ ವಾರ ಕುಕ್ಕರಿನದೊಂದೇ ಸದ್ದು. ಆಗ ಪೇಪರಿನಿಂದ ತಲೆ ಎತ್ತಿ ಇವರೇ ಕೊರಗುತ್ತಿದ್ದರು: "ಈ ಮನೇಲಿ ಒಬ್ಬರಿಗೂ ಸಂಗೀತದ ಗಂಧ ಇಲ್ವಲ್ಲ!" ನನಗೆ ಕೈಯಲ್ಲಿದ್ದ ಸೌಟನ್ನು ಎಸೆಯಬೇಕೆನಿಸುತ್ತಿತ್ತು.

ಈ ವರ್ಷ ಬುದ್ಧ ಪೂರ್ಣಿಮೆಗೆ ವಿಹಾರದಲ್ಲಿ ಹಾಡಲು ಧರಣಿಯನ್ನು ಕೇಳಿದರು. ಅವಳು ಮೊದಲು ನೋಡಿದ್ದು ಶಿಫ್ಟಿನ ಪಟ್ಟಿ.

"ಅಪ್ಪಂಗೆ ಸೆಕೆಂಡ್ ಶಿಫ್ಟ್ ಇದ್ರೆ ಮಾತ್ರ ಕಣಮ್ಮ. ಅವರು ಒಂದ್ ಮಾತು ಅಂದ್ಬುಟ್ರೆ ನಾನು ಮತ್ತೆ ಹಾಡಲ್ಲ."

ನನ್ನ ಗತಿಯೇ ಇವಳಿಗೂ ಬಂದರೆ? ಅವತ್ತು ಸೆಕೆಂಡ್ ಶಿಫ್ಟೇ ಇತ್ತು. ಮನೆಯವರೆಲ್ಲ ಬಾಯಿಗೆ ಬೀಗ ಹಾಕಿಕೊಂಡೆವು.

ಸಂಜೆ ವಿಹಾರದ ವೇದಿಕೆಯಲ್ಲಿ ಅವಳು ಎರಡನೆಯ ಚರಣ ಎತ್ತಿಕೊಂಡಿದ್ದಳು. ಹಿಂದಿನ ಬಾಗಿಲಲ್ಲಿ ನೀಲಿ ಯೂನಿಫಾರ್ಮು ಕಾಣಿಸಿತು. ವಿಹಾರದ ವಾಟ್ಸಾಪ್ ಗ್ರೂಪಿನಲ್ಲಿ ಮಗಳ ಹೆಸರು ನೋಡಿ, ಜೊತೆಯ ವಸಂತನಿಗೆ ಡ್ಯೂಟಿ ಒಪ್ಪಿಸಿ ಬಂದಿದ್ದರು ಮಹಾಶಯರು. ಅವಳೂ ನೋಡಿದಳು. ಧ್ವನಿ ನಡುಗಿತು, ಒಂದು ಸಾಲು ಹಾರಿಹೋಯಿತು. ನಾನು ಕೂತಲ್ಲಿಂದಲೇ "ಹಾಡು" ಅಂತ ಕೈ ಮಾಡಿದೆ. ಅವಳು ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಹಾಡಿದಳು.

ಇಳಿದು ಬಂದವಳು ನೇರ ಇವರೆದುರು ನಿಂತಳು. "ಎಂಗಿತ್ತಪ್ಪ?"

"ಚೆನ್ನಾಗಿತ್ತು ಕಣಮ್ಮ," ಅಂದರು. ನಾನು ಕಾದೆ. 'ಆದರೆ' ಅಂದರೆ ಜನರೆದುರೇ ಜಗಳಕ್ಕೆ ನಿಲ್ಲುವವಳಿದ್ದೆ. ಅದು ಬರಲಿಲ್ಲ. ಯೂನಿಫಾರ್ಮಿನ ತೋಳಿನಲ್ಲಿ ಕಣ್ಣೊರೆಸಿಕೊಂಡು, "ತುಂಬಾ ಚೆನ್ನಾಗಿತ್ತು," ಅಂದರು.

ಧರಣಿ ಹೂವಿನ ಹಾಗೆ ಅರಳಿದಳು. ನನಗೂ ಸಂತೋಷವಾಗಬೇಕಿತ್ತು, ಆಯಿತು ಕೂಡ. ಅದರ ಬೆನ್ನಿಗೇ ಸಿಟ್ಟು ನೆತ್ತಿಗೇರಿತು. ಹೀಗೆ ಹೇಳಲು ಬರುತ್ತಿತ್ತೇ ಈ ಮನುಷ್ಯನಿಗೆ? ಹಾಗಾದರೆ ಅವತ್ತು ಸ್ಕೂಟರಿನ ಮೇಲೆ ಏನಾಗಿತ್ತು ಬಾಯಿಗೆ?

ನಡೆದೇ ಮನೆಗೆ ಹೊರಟೆವು. ಅತ್ತೆ ನನ್ನ ತೋಳು ಹಿಡಿದುಕೊಂಡಿದ್ದರು, ಧರಣಿ ಮುಂದೆ. ಇವರಿಗೆ ಏನೋ ಹೊಳೆದಂತಾಯಿತು.

"ಈ ಗಂಟಲು ನನ್ನ ಕಡೇದಲ್ಲ ಬುಡು. ನೀನೂ ಮದುವೆ ಹೊಸದರಲ್ಲಿ ಹಾಡ್ತಿದ್ದೆ ಅಲ್ವಾ? ಯಾಕೆ ನಿಲ್ಲಿಸ್ಬುಟ್ಟೆ?"

ಮುಖ ನೋಡಿದೆ. ನಾಟಕವಲ್ಲ, ನಿಜವಾಗಿಯೂ ನೆನಪಿಲ್ಲ.

"ಒಬ್ಬರು ವಿಮರ್ಶೆ ಮಾಡಿದ್ರು. ನನ್ನ ಹಾಡು ಕೇಳೋರಿಗೆ ಹಿಂಸೆ ಅಂದ್ರು. ಅದಕ್ಕೆ ಬಿಟ್ಟೆ."

ಇವರು ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟರು. ನನ್ನ ಪರವಾಗಿ ಇಷ್ಟು ಸಿಟ್ಟು ಬಂದದ್ದನ್ನು ನಾನು ಅವತ್ತೇ ನೋಡಿದ್ದು. "ಯಾವನವನು? ಹೊಸದಾಗಿ ಬಂದ ಹೆಣ್ಣುಮಗಳಿಗೆ ಹಂಗನ್ನೋನು ಎಂಥಾ ವಿಮರ್ಶಕ ಕಣೆ? ಹೆಸರು ಹೇಳು!"

ಅತ್ತೆ ನನ್ನ ತೋಳನ್ನು ಒತ್ತಿದರು. ನಾನು ಗಂಟಲು ಸರಿಮಾಡಿಕೊಂಡು, ಒಂದಕ್ಷರವನ್ನೂ ನುಂಗದೆ ಹೇಳಿದೆ.

"ಪ್ರೇಮ್‌ಕುಮಾರ್."